ಕವನಾ ಹೇಳಿದ ಉಪಾಯ

“ಲೇ ಬೆಟ್ಟಿ, ಸೊಂಟ ಕಳಚ್ಕೊಂಡು ಬಿತ್ತೇನೇ? ಎಣ ಒತ್ಕೊಂಡು ಓದಂಗೆ ಓಯ್ತಿದ್ದೀಯಲ್ಲೇ, ಮುಂಡೆ!”

ರಾಮನಾಥಪುರದ ಹೊಗೆಸೊಪ್ಪಿನ ಗೋಡೌನಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಾಲೀಕ ಪುಟ್ಟಸ್ವಾಮಿಗೌಡರ ಬೈಗುಳ ಬೆಟ್ಟಮ್ಮನಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಸೊಪ್ಪಿನ ಹೊರೆ ಹೊರುತ್ತಿದ್ದಳು. ಗೋಡೆ ಹಿಡಿದು ಒಂದು ಉಸಿರು ಬಿಟ್ಟು, “ಬಂದೆ ಬುದ್ಧೀ” ಎಂದು ಹೆಜ್ಜೆ ಎತ್ತಿಟ್ಟಳು. ಸಾಲಿನಲ್ಲಿ ಕೂತು ಎಲೆಯ ಬಣ್ಣ ನೋಡಿ ವಿಂಗಡಿಸುತ್ತಿದ್ದ ಮಗಳು ಕವನಾ ತಲೆ ಎತ್ತಲಿಲ್ಲ. ಎತ್ತಿದರೆ ಅವ್ವನ ಕಣ್ಣು ನೋಡಬೇಕಾಗುತ್ತಿತ್ತು.

ಆ ವರ್ಷ ಸೊಪ್ಪಿನ ಹರಾಜು ಶುರುವಾಗುವ ಹೊತ್ತಿಗೆ ಗೌಡರ ಮಗ ದಿಲೀಪ್ ವ್ಯವಹಾರ ವಹಿಸಿಕೊಂಡ. ಸೊಪ್ಪು ಕೊಳ್ಳುವ ಕಂಪನಿಯವರು ಅವನನ್ನು ಹಾಸನದ ಹೋಟೆಲೊಂದರಲ್ಲಿ ಮೂರು ದಿನ ತರಬೇತಿಗೆ ಕೂರಿಸಿದ್ದರು. ಬಂದವನೇ ಅಪ್ಪನ ಕುರ್ಚಿ ಒಳಗೆ ಹಾಕಿಸಿ, ಗೋಡೆಗೆ ಬಿಳಿ ಬೋರ್ಡು ಹೊಡೆಸಿದ. ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಅದರಲ್ಲಿ ಮೂರು ಮನೆ, ಮನೆ ತುಂಬ ಹಳದಿ ಚೀಟಿ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಅದರ ಮುಂದೆ ದುಂಡಗೆ ನಿಲ್ಲಬೇಕು.

“ಇದಕ್ಕೆ ಲೀನ್ ಅಂತಾರೆ, ಅಜೈಲ್ ಅಂತಾರೆ. ಕೆಲಸದಲ್ಲಿ ವೇಸ್ಟ್ ಇರಬಾರದು. ಸುಮ್ನೆ ಓಡಾಡೋದು ವೇಸ್ಟ್, ಕಾಯೋದು ವೇಸ್ಟ್. ಎಲ್ಲೆಲ್ಲಿ ವೇಸ್ಟ್ ಆಗ್ತಿದೆ ಅಂತ ನೀವೇ ಹೇಳಬೇಕು. ಇಲ್ಲಿ ಮೇಲು ಕೀಳು ಇಲ್ಲ, ಎಲ್ರೂ ಒಂದೇ ಟೀಮು,” ಎಂದ ದಿಲೀಪ್.

ಮಾತು ಮುಗಿದ ಮೇಲೆ ಟೀ ಬಂತು. ಊರಿನವರಿಗೆ ಸ್ಟೀಲ್ ಲೋಟ, ಕಾಲೊನಿಯವರಿಗೆ ಕಾಗದದ ಲೋಟ.

“ಉಚ್ಚೆ ಉಯ್ಯಾಕ್ ಓಗೋದೂ ವೇಸ್ಟೇನ್ಲಾ?” ಎಂದು ಹೊರೆಯಾಳು ದ್ಯಾವಯ್ಯ ಪಕ್ಕದವನ ಕಿವಿಯಲ್ಲಿ ಗೊಣಗಿದ್ದಕ್ಕೆ ಹೆಂಗಸರು ನಕ್ಕರು. ಮೂರನೆಯ ದಿನ ಅದಕ್ಕೂ ಚೀಟಿ ಬಂತು: ಊಟಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ.

ಆದರೆ ‘ನೀವೇ ಹೇಳಬೇಕು’ ಎಂಬ ಮಾತು ಕವನಾಳಿಗೆ ಹಿಡಿಸಿತ್ತು. ಪಿಯುಸಿ ಓದಿದ್ದ ಅವಳನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಈಚೆಗೆ ಅವ್ವ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಒಂದು ಕೆಲಸವಾಗಿತ್ತು. ಮೊದಲು ಮಗ್ಗುಲಾಗಿ, ಆಮೇಲೆ ಅಂಗೈ ಊರಿ, ಹಲ್ಲು ಕಚ್ಚಿ ಏಳುತ್ತಿದ್ದಳು. ಒಂದು ವಾರ ಅಳೆದು ಸುರಿದು ಕವನಾ ಕೈ ಎತ್ತಿದಳು.

“ಸಾ, ಒರೇನ ತಲೆ ಮ್ಯಾಲೆ ಒರೋ ಬದ್ಲು ಚಕ್ರದ್ ಗಾಡಿ ಮಾಡುಸ್ದ್ರೆ? ಸಾಲಿನ್ ಮಧ್ಯ ತಳ್ಕೊಂಡು ಬರಬೌದು. ಸೊಂಟ ಉಳೀತದೆ ಸಾ.”

“ನೋಡಿ! ಐಡಿಯಾ ಅಂದ್ರೆ ಇದು!” ದಿಲೀಪ್ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಬೆಟ್ಟಮ್ಮ. ಆ ಸಂಜೆ ಕಾಲೊನಿಯ ದಾರಿಯುದ್ದಕ್ಕೂ, “ನನ್ ಮಗ್ಳು ಯೋಳುದ್ಲು ಕಣಕ್ಕ, ಚಿಕ್ಕ್ ಗೌಡ್ರು ಕೈ ತಟ್ಬುಟ್ರು” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು.

ಹದಿನೈದು ದಿನಕ್ಕೆ ಗಾಡಿ ಬಂತು. ಕಾಂತರಾಜು ಎಂಬ ಗಟ್ಟಿಮುಟ್ಟಾದ ಆಳು ಒಬ್ಬನೇ ಇಡೀ ಗೋಡೌನಿಗೆ ಸೊಪ್ಪು ತಳ್ಳಿದ. ಹೊರೆ ಹೊರುವ ಐದು ಜನ ಕೆಲಸವಿಲ್ಲದೆ ಗೋಡೆಗೊರಗಿ ನಿಂತರು.

ಸೋಮವಾರ ದಿಲೀಪ್ ಆ ಐದು ಹೆಸರು ಓದಿದ. ಬೈಯಲಿಲ್ಲ. ಬೆಟ್ಟಮ್ಮನ ಹತ್ತಿರ ಬಂದು, “ಅಮ್ಮಾ, ನಿಮಗೂ ವಯಸ್ಸಾಯ್ತು. ನಾಳೆಯಿಂದ ರೆಸ್ಟ್ ತಗೊಳಿ,” ಎಂದ.

“ರೆಸ್ಟ್ ತಕಂಡು ಏನ್ ಉಣ್ಲಿ ಬುದ್ಧೀ? ಗಾಡಿ ನಾನೂ ತಳ್ತೀನಿ. ತಳ್ಳಾಕ್ ಬತ್ತದೆ ನಂಗೆ.”

“ಇಬ್ಬರಿಗೆ ಕೆಲಸ ಇಲ್ಲಮ್ಮ. ಐಡಿಯಾ ನಿಮ್ಮ ಮಗಳದ್ದೇ ಅಲ್ವಾ? ಖುಷಿ ಪಡಬೇಕು ನೀವು.”

ಕವನಾಳ ಕೈಯಲ್ಲಿದ್ದ ಎಲೆ ಪುಡಿಯಾಯಿತು.

ಸಂಜೆ ಗೇಟಿನಾಚೆ ಮಾದಮ್ಮ ಕಾದಿದ್ದಳು. ಆ ಐವರಲ್ಲಿ ಒಬ್ಬಳು, ಪಕ್ಕದ ಮನೆಯವಳು, ಕವನಾಳನ್ನು ಎತ್ತಿ ಆಡಿಸಿದವಳು.

“ಥೂ, ನಿನ್ ಬಾಯ್ಗೆ ಮಣ್ ಬೀಳ! ಐದು ಮನೆ ಒಲೆಗೆ ನೀರುಯ್ದಲ್ಲೇ ರಂಡೆ! ಆ ಮುದಿ ಗೌಡ ಮುಂಡೆ ಅಂದ್ರೂವೆ ಕರ್ದು ಕೆಲ್ಸ ಕೊಡ್ತಿದ್ದ. ಇವ್ನು ಅಮ್ಮ ಅಂದ್ಬುಟ್ಟು ಆಚೆಗ್ ತಳ್ದ. ಅವ್ನಿಗೆ ದಾರಿ ತೋರ್ಸ್ದೋಳು ನೀನು!”

“ದೊಡ್ಡವ್ವ, ನಾನು ಅವ್ವನ್ ಸೊಂಟ...”

“ಬುಡು ಮಾದಕ್ಕ, ಕೂಸ್ಗೇನ್ ಗೊತ್ತಿತ್ತು,” ಎಂದಳು ಬೆಟ್ಟಮ್ಮ. ಅವ್ವ ಬೈದಿದ್ದರೆ ಕವನಾ ತಡೆದುಕೊಳ್ಳುತ್ತಿದ್ದಳು.

ಬೆಟ್ಟಮ್ಮ ಶುಂಠಿ ಕೀಳುವ ಕೂಲಿಗೆ ಹೋದಳು. ದಿನವಿಡೀ ಬಗ್ಗಿಯೇ ಇರಬೇಕು. ನಾಲ್ಕನೆಯ ದಿನ ಹೊಲದಿಂದ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಆಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಕವನಾ ಬಿಸಿನೀರಿನ ಬಟ್ಟೆ ಹಿಂಡಿ ಬೆನ್ನಿಗೆ ಒತ್ತುತ್ತಿದ್ದಾಗ ಅವ್ವ ಕೇಳಿದಳು: “ಗಾಡಿ ಸಂದಾಕೆ ಓಡ್ತದಾ ಮಗ?”

“ಓಡ್ತದೆ ಕಣವ್ವ.”

“ಅಷ್ಟ್ ಸಾಕು ಬುಡು.”

ತಿಂಗಳ ಕೊನೆಗೆ ಕಂಪನಿಯಿಂದ ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬಾಕೆ. ಕನ್ನಡ ಬಾರದವರು. ದಿಲೀಪ್ ಬೋರ್ಡು ತೋರಿಸಿ, ಕವನಾಳನ್ನು ಮುಂದಕ್ಕೆ ಕರೆದ. “ನಿನ್ನ ಐಡಿಯಾ ಹೇಳಮ್ಮ. ನಾನು ಇಂಗ್ಲಿಷಲ್ಲಿ ಹೇಳ್ತೀನಿ.”

“ನಮ್ಮವ್ವ ಇಪ್ಪತ್ತೆರಡು ವರ್ಸ ಇಲ್ಲಿ ಒರೆ ಒತ್ಲು,” ಎಂದಳು ಕವನಾ. “ಅವಳ್ ಸೊಂಟ ಉಳೀಲಿ ಅಂತ ನಾ ಗಾಡಿ ಕೇಳ್ದೆ. ನೀವು ಗಾಡಿ ಮಡಿಕ್ಕಂಡು ಅವ್ವನ್ನ ಎಸುದ್ರಿ. ಈಗ ಅವಳು ಎದ್ದು ಬಾಗ್ಲುಗಂಟ ಬರಾಕಿಲ್ಲ.”

ದಿಲೀಪನ ಮುಖದ ನಗು ಕದಲಲಿಲ್ಲ. ಗಾಡಿಯಿಂದ ತಾಯಿಗೆ ವಿಶ್ರಾಂತಿ ಸಿಕ್ಕಿತೆಂದು ಈ ಹುಡುಗಿ ನಿಮಗೆಲ್ಲ ಕೃತಜ್ಞತೆ ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದ. ಬಂದವರು ಚಪ್ಪಾಳೆ ತಟ್ಟಿದರು. ಆಕೆ ಕವನಾಳ ಹೆಗಲ ಮೇಲೆ ಕೈಯಿಟ್ಟಳು.

ಅಷ್ಟು ತಿಳಿಯಲು ಪಿಯುಸಿಯ ಇಂಗ್ಲಿಷು ಸಾಕಿತ್ತು.

“ನೋ ಮೇಡಂ. ಸರ್ ಟೆಲ್ಲಿಂಗ್ ಲೈ.” ಕವನಾ ಐದು ಬೆರಳು ಎತ್ತಿ ತೋರಿಸಿದಳು. “ಮೈ ಮದರ್, ನೋ ವರ್ಕ್. ಫೈವ್ ಪೀಪಲ್, ನೋ ವರ್ಕ್. ಮೈ ಮದರ್ ನಾಟ್ ವೇಸ್ಟ್.”

ಹೆಗಲ ಮೇಲಿನ ಕೈ ಹಿಂದೆ ಸರಿಯಿತು. ಆಕೆ ದಿಲೀಪನ ಮುಖ ನೋಡಿದಳು, ಆಮೇಲೆ ಕೈಗಡಿಯಾರ ನೋಡಿಕೊಂಡಳು.

“ನಡಿಯೇ ಆಚೆಗೆ, ಬೋಸುಡಿ!” ಎಂದ ದಿಲೀಪ್. ದೊಡ್ಡಗೌಡರ ಗಂಟಲೇ ಅದು. “ಇನ್ನೊಂದ್ಸಲ ಗೇಟ್ ಒಳಗೆ ಬಂದ್ರೆ ಕಾಲ್ ಮುರೀತೀನಿ!”

“ಓಯ್ತೀನಿ ಕಣೋ,” ಎಂದಳು ಕವನಾ. ಆ ಗೋಡೌನಿನ ಆಳುಗಳಲ್ಲಿ ಅವನನ್ನು ಏಕವಚನದಲ್ಲಿ ಮಾತಾಡಿಸಿದವರು ಅದುವರೆಗೆ ಇರಲಿಲ್ಲ. ಸಾಲಿನ ಹೆಂಗಸರು ತಲೆ ತಗ್ಗಿಸಿದರು. ಯಾರೂ ಹಿಂದೆ ಬರಲಿಲ್ಲ.

ಮನೆಗೆ ಬಂದಾಗ ಬೆಟ್ಟಮ್ಮ ಒದ್ದೆ ಚಾಪೆಯ ಮೇಲೆ ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. “ತಡ್ಯಾಕಾಗ್ನಿಲ್ಲ ಕಣ್ ಮಗ,” ಎಂದಳು, ನಾಚಿಕೆಯಿಂದ. ಕವನಾ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದಳು. ಆಗಲಿಲ್ಲ.

ಬಾಗಿಲಲ್ಲಿ ನೆರಳಾಯಿತು. ಮಾದಮ್ಮ ಒಳಗೆ ಬಂದು, ಸೆರಗು ಸಿಕ್ಕಿಸಿ, ಇನ್ನೊಂದು ಕಂಕುಳಿಗೆ ಕೈಹಾಕಿದಳು. ಕವನಾಳ ಮುಖ ನೋಡಲಿಲ್ಲ.

“ಎತ್ತು,” ಎಂದಳು.

ಬೆಟ್ಟಮ್ಮ ಕಿಟಾರನೆ ಕಿರುಚಿದಳು. ಎತ್ತಿದ ಇಬ್ಬರೂ ಹಾಗೆಯೇ ನಿಂತರು, ಮೇಲೆತ್ತಲೂ ಆಗದೆ, ಕೆಳಗಿಳಿಸಲೂ ಆಗದೆ.