ಡೇವಿ ಗೆಡಿಸ್ ನಡೆದ ದಾರಿ

ನೆಟ್ಟಿ ನಗುತ್ತಲೇ ಒಳಗೆ ಬಂದಳು. ಕೈಯಲ್ಲಿ ಬಿಸಿ ಬನ್ನುಗಳ ತಟ್ಟೆ, ಕೆನ್ನೆಯ ಮೇಲೆ ಮೈದಾಹಿಟ್ಟು, ಕಣ್ಣ ತುಂಬ ನೀರು. ಎದುರುಬದಿಯ ಬೇಕರಿ ಅವಳದು.

"ಅಯ್ಯೋ ಇಷ್ಬೆಲ್, ನಿಮ್ಮಪ್ಪನ್ನ ನೋಡಿ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ಕಣೇ! ಎಂಥಾ ಆಸಾಮಿ ಅವನು! ನಮ್ಮ ಯಜಮಾನ್ರು ಆಗಲೇ ಎರಡು ಬಾಟ್ಲಿ ಹೇಳಿಬಿಟ್ರು."

ಇಷ್ಬೆಲ್ ರಟ್ಟಿನ ಪೆಟ್ಟಿಗೆಯೊಂದಕ್ಕೆ ಟೇಪು ಹಚ್ಚುತ್ತಿದ್ದಳು. ಕೈ ಅಲ್ಲೇ ನಿಂತಿತು.

"ನಮ್ಮಪ್ಪನ್ನಾ? ಎಲ್ಲಿ ನೋಡಿದೆ? ಸತ್ತು ಇಪ್ಪತ್ತಾರು ವರ್ಷ ಆಯ್ತಲ್ಲೇ."

"ನಿಮ್ಮ ಅಂಗಡಿ ಪೇಜಲ್ಲೇ ಇದಾನಲ್ಲ! ನೀನಿನ್ನೂ ನೋಡಿಲ್ವಾ?" ನೆಟ್ಟಿ ತಟ್ಟೆ ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಫೋನು ತೆಗೆದು ತೋರಿಸಿದಳು.

ತೆರೆಯ ಮೇಲೆ ಬಣ್ಣದ ವ್ಯಂಗ್ಯಚಿತ್ರ. ಕಡ್ಡಿಕಾಲಿನ ಒಬ್ಬ ಗಂಡಸು, ಪಟ್ಟೆಪಟ್ಟೆ ಚಡ್ಡಿಯಲ್ಲಿ, ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಾನೆ. ತೊಡೆಗೆ ದಾರ ಕಟ್ಟಿ ನೇತುಬಿಟ್ಟ ತಾಮ್ರದ ಕೊಳವೆ. ಹಿಂದೆ ಕೆಂಪು ಮೋರೆಯ ಮ್ಯಾನೇಜರು ಅವನ ಪ್ಯಾಂಟನ್ನು ಬಾವುಟದಂತೆ ಬೀಸುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರ: ಕಳ್ಳ ಡೇವಿಯ ಗುಟುಕು. ಅಂದು ನಮ್ಮಪ್ಪ ಕದ್ದ, ಇಂದು ನೀವು ಕೊಂಡು ಕುಡಿಯಿರಿ. ಪ್ರತಿ ಬಾಟಲಿಯ ಜೊತೆ ಅಂಥದೇ ಒಂದು ತಾಮ್ರದ ಕೊಳವೆ ಉಚಿತ.

ನೆಟ್ಟಿ ಈ ಊರಿಗೆ ಬಂದು ಹನ್ನೆರಡು ವರ್ಷವಷ್ಟೇ ಆಗಿತ್ತು. ಅವಳಿಗೇನು ಗೊತ್ತು ಪಾಪ. ಇಷ್ಬೆಲ್ ಫೋನನ್ನು ಹಿಂದಕ್ಕೆ ಕೊಟ್ಟು, ಬನ್ನಿಗೆ ಥ್ಯಾಂಕ್ಸ್ ಹೇಳಿ, ಅವಳು ಬೀದಿ ದಾಟುವವರೆಗೆ ಕಾದಳು. ಆಮೇಲೆ ಬಾಗಿಲಿಗೆ ಚಿಲಕ ಹಾಕಿದಳು.

ಅಂಗಡಿ ಎಂದರೆ ಗಿರಾಕಿ ಬಂದು ನಿಲ್ಲುವ ಅಂಗಡಿಯಲ್ಲ. ಹಿಂದೆ ಚಪ್ಪಲಿ ಹೊಲಿಯುವವನೊಬ್ಬ ಇದ್ದ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಇನ್ನೂರ ಮೂವತ್ತು ಬಾಟಲಿ, ರಟ್ಟು, ಹುಲ್ಲು, ಟೇಪು. ಹಿಂದಿನ ಕೋಣೆಯಲ್ಲಿ ತಮ್ಮ ಇನ್ನೆಸ್ ಮತ್ತು ಅವನ ಕಂಪ್ಯೂಟರು. ಜನ ಎಲ್ಲಿಂದಲೋ ಆರ್ಡರು ಕೊಡಬೇಕು, ಇಲ್ಲಿಂದ ಕೊರಿಯರಿನಲ್ಲಿ ಹೋಗಬೇಕು. ಬೆಳಿಗ್ಗೆ ಹತ್ತಕ್ಕೆ ಮಾರಾಟ ಶುರುವಾಗಿತ್ತು.

ಆ ಇನ್ನೂರ ಮೂವತ್ತೂ ಒಂದೇ ಪೀಪಾಯಿಯ ವಿಸ್ಕಿ, ಹತ್ತೊಂಬತ್ತು ವರ್ಷದ್ದು. ಇಷ್ಬೆಲ್ ಇಪ್ಪತ್ತೈದು ವರ್ಷ ಎಲ್ಗಿನ್‌ನ ವಿಸ್ಕಿ ದಲ್ಲಾಳಿಯೊಬ್ಬನ ಬಳಿ ಪೀಪಾಯಿಗಳ ವಾಸನೆ ನೋಡುವ ಕೆಲಸ ಮಾಡಿದವಳು. ಅವಳ ಮೂಗಿನ ಮೇಲೆ ಎಷ್ಟೋ ಜನ ದುಡ್ಡು ಮಾಡಿಕೊಂಡರು. ಒಂದು ಬಾಟಲಿಯ ಮೇಲೂ ಅವಳ ಹೆಸರು ಬರಲಿಲ್ಲ. ಕೆಲಸ ಬಿಟ್ಟ ಮೇಲೆ ನಲವತ್ತು ಪೀಪಾಯಿ ಮೂಸಿ ಇದೊಂದನ್ನು ತನಗೆಂದು ಆರಿಸಿದ್ದಳು. ಬಾಟಲಿಯ ಚೀಟಿಯ ಮೇಲೆ ಅಂಗಡಿಯ ಹೆಸರು ಅವಳೇ ಇಟ್ಟದ್ದು: ಗೆಡಿಸ್ ಮತ್ತು ಮಗಳು. ಅಪ್ಪನ ಹೆಸರು ಯಾವ ಊರಿನಲ್ಲಿ ಮಣ್ಣುಪಾಲಾಗಿತ್ತೋ ಅದೇ ಊರಿನಿಂದ ಅದು ಒಳ್ಳೆಯ ವಿಸ್ಕಿಯ ಮೇಲೆ ಹೊರಟು ಲೋಕ ಸುತ್ತಿ ಬರಲಿ ಎಂಬುದೊಂದೇ ಅವಳ ಆಸೆ. ಆ ಆಸೆಯನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಅದೇ ತಪ್ಪಾಯಿತೇನೋ.

"ಮೂವತ್ತೆಂಟು!" ಒಳಗಿನಿಂದ ಇನ್ನೆಸ್ ಕೂಗಿದ. "ಅಕ್ಕಾ, ಮೂವತ್ತೆಂಟು ಆರ್ಡರು! ಇನ್ನೂ ಹನ್ನೊಂದೂ ಆಗಿಲ್ಲ!"

ಇಷ್ಬೆಲ್ ಬಾಗಿಲಲ್ಲಿ ನಿಂತಳು. ಅವನು ಹೊಸ ಜಾಕೆಟ್ಟನ್ನು ಕುರ್ಚಿಗೆ ನೇತುಹಾಕಿ, ಅಂಗಿಯ ತೋಳು ಮಡಚಿ ಕುಳಿತಿದ್ದ. ಅಬರ್ಡೀನ್‌ನ ತೈಲ ಕಂಪನಿ ಕೆಲಸದಿಂದ ತೆಗೆದ ಮೇಲೆ ಅವನ ಮುಖದಲ್ಲಿ ಇಷ್ಟು ಬೆಳಕನ್ನು ಅವಳು ನೋಡಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಏನೋ ಅದು, ಪೇಜಲ್ಲಿ ಹಾಕಿರೋದು?"

"ಸರ್ಪ್ರೈಸು! ನಿನ್ನೆ ಸಂಜೆ ಬದಲಾಯಿಸ್ದೆ. ನೀನು ಬರೆದುಕೊಟ್ಟಿದ್ಯಲ್ಲ, ಜೇನು, ಸುಟ್ಟ ಸೇಬು, ಹಳೇ ಚರ್ಮದ ವಾಸನೆ ಅಂತ, ಅದನ್ನೇ ಹಾಕಿದ್ರೆ ಸಂಜೆವರೆಗೂ ನೊಣ ಹೊಡೀತಾ ಕೂತಿರಬೇಕಾಗಿತ್ತು."

"ತೆಗಿ."

"ಏನು?"

"ಆ ಚಿತ್ರ ತೆಗಿ ಅಂದೆ. ಕಿವಿ ಕೇಳಿಸಲ್ವಾ?"

ಇನ್ನೆಸ್ ನಕ್ಕ. ಅಕ್ಕನಿಗೆ ಹೊಸದೇನೂ ಹಿಡಿಸುವುದಿಲ್ಲ ಎಂದು ಅವನಿಗೆ ಮೊದಲಿನಿಂದಲೂ ಗೊತ್ತು. "ನೋಡಕ್ಕ, ವಿಸ್ಕಿ ಮಾರೋ ಅಂಗಡಿ ಇಂಟರ್‌ನೆಟ್ಟಲ್ಲಿ ಸಾವಿರ ಇವೆ. ಎಲ್ಲರ ಹತ್ರಾನೂ ಜೇನಿದೆ, ಎಲ್ಲರ ಹತ್ರಾನೂ ಸೇಬಿದೆ. ಅಪ್ಪ ಇರೋದು ನಮ್ಮ ಹತ್ರ ಮಾತ್ರ."

"ನಿನ್ನ ಹತ್ರ ಇದಾನಾ? ಬಕಿ ಊರಿನ ಸ್ಮಶಾನದಲ್ಲಿ ಇದಾನೆ ಅವನು. ಅಲ್ಲೂ ನೆಮ್ಮದಿಯಾಗಿ ಮಲಗೋಕೆ ಬಿಡಲ್ವಲ್ಲೋ ನೀನು, ಹಾಳಾದವನೇ!"

"ಅಯ್ಯೋ, ಯಾರು ಕದೀತಿರ್ಲಿಲ್ಲ ಆಗ? ಭಟ್ಟೀಲಿ ಕೆಲಸ ಮಾಡೋ ಪ್ರತಿಯೊಬ್ಬನ ಪ್ಯಾಂಟೊಳಗೂ ಒಂದು ನಾಯಿ ಇತ್ತು. ಅದು ಜನಕ್ಕೆ ಇಷ್ಟ ಆಗುತ್ತೆ."

ಅದೇನೋ ನಿಜ. ತಾಮ್ರದ ಕೊಳವೆ, ಒಂದು ತುದಿಗೆ ಪೆನ್ನಿ ಬಿಲ್ಲೆ ಇಟ್ಟು ಬೆಸೆದದ್ದು, ಇನ್ನೊಂದಕ್ಕೆ ಬಿರಡೆ. ದಾರ ಕಟ್ಟಿ ಪ್ಯಾಂಟಿನೊಳಗೆ ಇಳಿಬಿಟ್ಟರೆ ಯಜಮಾನನ ಕಾಲು ಬಿಡುವುದಿಲ್ಲ, ಅದಕ್ಕೇ ಅದು ನಾಯಿ. ಉಗ್ರಾಣಕ್ಕೆ ಹೋದಾಗ ಪೀಪಾಯಿಯೊಳಗೆ ಅದ್ದಿ ತುಂಬಿಕೊಂಡರೆ ಮನೆಗೆ ಒಂದು ರಾತ್ರಿಯ ಬಿಸುಪು. ಸುಂಕದವನಿಗೂ ಗೊತ್ತಿತ್ತು, ಪಾದ್ರಿಗೂ ಗೊತ್ತಿತ್ತು. ಎಲ್ಲರ ಮನೆ ದೋಸೆಯೂ ತೂತೇ ಎಂದು ಎಲ್ಲರೂ ಸುಮ್ಮನಿದ್ದರು. ಅಷ್ಟರಲ್ಲಿ ಭಟ್ಟಿಗೆ ಗ್ಲಾಸ್ಗೋದಿಂದ ಹೊಸ ಮ್ಯಾನೇಜರು ಬಂದ. ಅವನಿಗೆ ಯಾರನ್ನಾದರೂ ಒಬ್ಬನನ್ನು ಹಿಡಿದು ಉಳಿದವರಿಗೆ ಬುದ್ಧಿ ಕಲಿಸಬೇಕಾಗಿತ್ತು. ಆ ಒಬ್ಬ ಡೇವಿ ಗೆಡಿಸ್ ಆದ. ಹದಿನಾರು ವರ್ಷದ ಕೆಲಸ ಹೋಯಿತು, ಕೆಲಸದ ಜೊತೆ ಕಂಪನಿ ಕೊಟ್ಟಿದ್ದ ಮನೆಯೂ ಹೋಯಿತು. ಸಂಸಾರ ಸಮುದ್ರದ ಕಡೆಯ ಬಕಿಗೆ ಹೊರಟಿತು.

"ಕದ್ದ ಅನ್ನೋದು ನನಗೂ ಗೊತ್ತು," ಇಷ್ಬೆಲ್ ಅಂದಳು. "ಕದ್ದ ಅಂತ ಬರಿ, ಬೇಕಾದ್ರೆ. ಚಡ್ಡಿ ಯಾಕೆ ಬರೆಸ್ದೆ? ನಿನ್ನನ್ನ ಪೊಲೀಸರು ಹಿಡಿದ್ರಲ್ಲ, ಎರಡು ವರ್ಷದ ಹಿಂದೆ, ಕುಡಿದು ಕಾರು ಓಡಿಸಿದಾಗ. ಆವಾಗ ನಿನ್ನ ಪ್ಯಾಂಟು ಬಿಚ್ಚಿಸಿದ್ರಾ? ಆ ಚಿತ್ರಾನೂ ಹಾಕೋಣ್ವಾ, ಪಕ್ಕದಲ್ಲೇ?"

ಇನ್ನೆಸ್‌ನ ಮುಖ ಕೆಂಪಾಯಿತು. "ಅದನ್ನ ಯಾಕೆ ಎಳೀತೀಯ?"

"ಯಾಕಪ್ಪ, ನಗು ಬರಲ್ವಾ?"

"ಚಡ್ಡಿ ಕಥೆ ಹೇಳ್ತಿದ್ದಿದ್ದು ಅಪ್ಪಾನೇ!" ಅವನೂ ಎದ್ದು ನಿಂತ. "ಬಕಿಯ ಬಾರಲ್ಲಿ, ಮೀನು ಮಾರ್ಕೆಟ್ಟಿನವರ ಮುಂದೆ, ನನ್ನ ಕಣ್ಣೆದುರಿಗೇ ಎದ್ದು ನಿಂತು ಆಡಿ ತೋರಿಸ್ತಿದ್ದ. ಪ್ಯಾಂಟು ಬಿಚ್ಚೋದು, ನಾಯಿ ಠಣ್ ಅಂತ ಬೀಳೋದು, ಮ್ಯಾನೇಜರು ಕಿರುಚೋದು. ಎಲ್ರೂ ಬಿದ್ದೂ ಬಿದ್ದೂ ನಗೋರು. ಅಪ್ಪನೂ ನಗ್ತಿದ್ದ. ನನಗೆ ಅವನ ನೆನಪು ಅಂತ ಇರೋದೇ ಅದು, ಅಕ್ಕ. ಅವನು ನಗ್ತಿದ್ದಿದ್ದು."

"ನಗದೆ ಏನು ಮಾಡ್ತಾನೆ? ಊರು ನಗೋ ಮುಂಚೆ ತಾನೇ ನಕ್ಕುಬಿಟ್ರೆ ಉರಿ ಕಡಿಮೆ ಅಂತ ಕಲಿತಿದ್ದ. ಅವನು ನಕ್ಕ ಅಂತ ನೀನು ಅದನ್ನ ಮಾರ್ತೀಯಾ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗಾಯ್ತು ನಿಂದು."

ಕಂಪ್ಯೂಟರು ಟಿಣ್ ಎಂದಿತು. ಇನ್ನೊಂದು ಆರ್ಡರು. ಇಬ್ಬರೂ ಅದರ ಕಡೆ ನೋಡಲಿಲ್ಲ.

"ಆ ದಿನ ಏನಾಯ್ತು ಅಂತ ನಿನಗೆ ಗೊತ್ತಿಲ್ಲ," ಅವಳು ಅಂದಳು. "ನಿನಗೆ ನಾಲ್ಕು ವರ್ಷ. ನನಗೆ ಹನ್ನೊಂದು. ನಾನು ನೋಡಿದೀನಿ."

"ಏನು ನೋಡ್ದೆ?"

"ಅವನು ಓಡಲಿಲ್ಲ ಕಣೋ. ನಿನ್ನ ಚಿತ್ರದಲ್ಲಿ ಓಡ್ತಿದಾನೆ. ಅವನು ನಡೆದ."

ಇಷ್ಬೆಲ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಟೈಪು ಮಾಡೋ ಹುಡುಗೀರ ಕಿಟಕಿ ಕೆಳಗೆ, ಅಂಗಳದಲ್ಲಿ ನಿಲ್ಲಿಸಿ ಬಿಚ್ಚಿಸಿದ ಆ ಮ್ಯಾನೇಜರು. ಜೊತೆ ಕೆಲಸದವರೆಲ್ಲ ಸುತ್ತ ನಿಂತಿದ್ರು. ಅವರ ಪ್ಯಾಂಟೊಳಗೂ ನಾಯಿ ಇತ್ತು, ಒಬ್ಬನೂ ಉಸಿರೆತ್ತಲಿಲ್ಲ. ಪ್ಯಾಂಟು ಸಾಕ್ಷಿ, ಪೊಲೀಸರಿಗೆ ಕೊಡಬೇಕು ಅಂತ ಇಟ್ಕೊಂಡ. ಅಪ್ಪ ಒಳಚಡ್ಡಿ, ಬೂಟು, ಮೇಲೊಂದು ಅಂಗಿ, ಅಷ್ಟರಲ್ಲೇ ಮನೆಗೆ ಹೊರಟ. ಅಕ್ಟೋಬರ್ ತಿಂಗಳು, ಎಂಥಾ ಗಾಳಿ. ನಮಗೆ ಸ್ಕೂಲಲ್ಲಿ ಊಟಕ್ಕೆ ಬಿಟ್ಟಿದ್ರು. ನಾವು ನಾಲ್ಕು ಜನ ಹುಡುಗೀರು ಸೇತುವೆ ಕಟ್ಟೆ ಮೇಲೆ ಕೂತಿದ್ವಿ. ಬೆಟ್ಟದ ಕಡೆಯಿಂದ ಇಳಿದು ಬಂದ. ತಲೆ ಎತ್ತಿಕೊಂಡೇ ಬಂದ. ಭಾನುವಾರ ಚರ್ಚಿಗೆ ನಡೆಯೋ ಹಾಗೆ ನಡೀತಿದ್ದ."

"ಅಕ್ಕ…"

"ಮುಚ್ಚು ಬಾಯಿ. ಇಷ್ಟು ವರ್ಷ ನೀನೇ ಹೇಳಿದ್ದೀಯ, ಈಗ ಕೇಳು. ಹುಡುಗೀರು ನಗೋಕೆ ಶುರು ಮಾಡಿದ್ರು. ಒಬ್ಬಳು ಕೇಳಿದ್ಲು, 'ಅದು ನಿಮ್ಮಪ್ಪ ಅಲ್ವೇನೇ?' ಅಂತ. ಅಷ್ಟು ಹೊತ್ತಿಗೆ ಅವನು ಇಲ್ಲಿದಾನೆ, ಇಷ್ಟು ಹತ್ರ. ನಾನು 'ಅಲ್ಲ' ಅಂದೆ."

ಈಗ ಅರ್ಧಕ್ಕೆ ಬಿಟ್ಟರೆ ಮತ್ತೆ ಹೇಳಲಾಗುವುದಿಲ್ಲ ಎಂದು ಅವಳಿಗೆ ತಿಳಿದಿತ್ತು.

"'ಅಲ್ಲ' ಅಂದು ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಅವನಿಗೆ ಕೇಳಿಸ್ತು. ಅದಕ್ಕೇ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ರೆ ಅವರಿಗೆ ಗೊತ್ತಾಗಿಬಿಡ್ತಿತ್ತಲ್ಲ, ನಾನು ಮಗಳು ಅಂತ. ಸಂಜೆ ಮನೆಗೆ ಹೋದೆ. ಮನೆ ಬಿಡೋಕೆ ಅಮ್ಮ ಪಾತ್ರೆ ಕಟ್ತಾ ಇದ್ಲು. ಅವನು ಕೇಳಿದ್ದು ಒಂದೇ ಮಾತು: 'ಮಧ್ಯಾಹ್ನ ಊಟ ಮಾಡಿದ್ಯಾ, ಮಗಳೇ?' ಸಾಯೋವರೆಗೂ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ."

ಕಂಪ್ಯೂಟರು ಮತ್ತೆ ಟಿಣ್ ಎಂದಿತು, ಅದರ ಬೆನ್ನಿಗೇ ಇನ್ನೊಮ್ಮೆ. ಅರ್ಧ ಲೋಕ ಆ ಚಡ್ಡಿಗೆ ನಗುತ್ತಿತ್ತು.

"ನಲವತ್ಮೂರು ವರ್ಷ ನುಂಗಿಕೊಂಡಿದ್ದೆ," ಇಷ್ಬೆಲ್ ಕಿರುಚಿದಳು. "ನೀನು ಅದಕ್ಕೆ ಬಣ್ಣ ಹಚ್ಚಿ, ಒಂದು ಕೊಳವೆ ಫ್ರೀ ಅಂತ ಮಾರ್ತಿದೀಯಾ! ಲೈಸೆನ್ಸಲ್ಲಿ ಇರೋದು ನನ್ನ ಹೆಸರು. ನಾನು ಬೇಡ ಅಂದ್ರೆ ಇಲ್ಲಿಂದ ಒಂದು ಹನಿ ಆಚೆ ಹೋಗಲ್ಲ. ತೆಗೀತೀಯೋ, ಇಲ್ಲ ಇನ್ನೂರ ಮೂವತ್ತೂ ಈಗಲೇ ಮೋರಿಗೆ ಸುರೀಲೋ?"

ನಿಜಕ್ಕೂ ಸುರಿದುಬಿಡುವವಳೇ. ಇನ್ನೆಸ್ ಅವಳ ಮುಖ ನೋಡಿ ಅದನ್ನು ಅರ್ಥಮಾಡಿಕೊಂಡ. ಕುಳಿತು ಏನೋ ಒತ್ತಿದ. ಓಡುವ ಗಂಡಸು ಮಾಯವಾದ. ಪುಟದಲ್ಲಿ ಬರಿ ಬಾಟಲಿ ಉಳಿಯಿತು.

"ಅರವತ್ತೊಂದು ಆರ್ಡರು ಆಗಿಹೋಗಿದೆ," ಅವನು ತಲೆ ಎತ್ತದೆ ಹೇಳಿದ. "ಅದನ್ನಾದ್ರೂ ಕಳಿಸೋಣ್ವಾ? ಮೊದಲನೇ ದಿನವೇ ವಾಪಸ್ ಮಾಡಿದ್ರೆ ಮತ್ತೆ ಒಬ್ಬನೂ ಈ ಕಡೆ ತಲೆ ಹಾಕಲ್ಲ, ಅಕ್ಕ. ಈ ವಿಸ್ಕಿ ಜನ ಒಬ್ಬರಿಗೊಬ್ಬರು ಹೇಳ್ಕೋತಾರೆ. ಅಂಗಡಿ ಇವತ್ತೇ ಮುಗಿದುಹೋಗುತ್ತೆ."

"ಮುಗೀಲಿ. ನಕ್ಕು ಕೊಂಡವರಿಗೆ ನಾನು ಕೊಡಲ್ಲ."

"ತಾಂತ್ರಿಕ ಕಾರಣ ಅಂತ ಬರೀತೀನಿ."

"ಏನು ತಾಂತ್ರಿಕ ಕಾರಣ? ಸರಿ ಆಚೆ."

ಅವಳು ಅವನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕುಳಿತಳು. ಟೈಪು ಅಭ್ಯಾಸವಿಲ್ಲ, ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಕುಟ್ಟಿದಳು: "ಚಿತ್ರದಲ್ಲಿದ್ದವನು ನಮ್ಮ ತಂದೆ ಡೇವಿಡ್ ಗೆಡಿಸ್. ಹದಿನಾರು ವರ್ಷ ಭಟ್ಟಿ ಕಾಯ್ದವನು. ಅವನನ್ನು ನಗೆಪಾಟಲು ಮಾಡಿದ್ದು ನಮ್ಮ ತಪ್ಪು. ನಿಮ್ಮ ಹಣ ವಾಪಸು ಬರುತ್ತದೆ. ವಿಸ್ಕಿ ಚೆನ್ನಾಗಿದೆ, ಆರಿಸಿದವಳು ಅವನ ಮಗಳು. ಆ ವಿಸ್ಕಿಗಾಗಿ ಬೇಕಾದರೆ ಮತ್ತೆ ಕೇಳಿ." ಅರವತ್ತೊಂದು ಜನಕ್ಕೂ ಅದನ್ನೇ ಕಳಿಸಿದಳು. ಪುಟದಲ್ಲಿ ಬಾಟಲಿಯ ಕೆಳಗೂ 'ಆರಿಸಿದವಳು ಅವನ ಮಗಳು' ಎಂಬ ಸಾಲನ್ನೇ ಹಾಕಿಸಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಬರೆದಳು.

ಎರಡು ಗಂಟೆಗೆ ಕೊರಿಯರಿನವನು ವ್ಯಾನು ನಿಲ್ಲಿಸಿ, ಅದರ ಹಿಂಬಾಗಿಲು ತೆರೆದು, ಕೈ ಉಜ್ಜಿಕೊಳ್ಳುತ್ತ ಬಂದ. ಇಷ್ಬೆಲ್ ಚಿಲಕ ತೆಗೆದಳು.

"ಇವತ್ತು ಓಪನಿಂಗು ಅಲ್ವಾ ಮೇಡಂ? ಜಾಗ ಮಾಡ್ಕೊಂಡೇ ಬಂದಿದೀನಿ. ಎಷ್ಟಿವೆ?"

"ಒಂದೂ ಇಲ್ಲ. ನಾಳೆ ಬಾ."

ಅವನು ಒಬ್ಬರ ಮುಖ ಆದ ಮೇಲೆ ಇನ್ನೊಬ್ಬರ ಮುಖ ನೋಡಿದ. ಇದು ತನಗೆ ಬೇಡದ ವಿಷಯ ಎಂದುಕೊಂಡು ವ್ಯಾನಿನ ಬಾಗಿಲು ಬಡಿದು ಹೊರಟುಹೋದ. ಬಾಟಲಿಗಳು ಸಾಲಾಗಿ ಇದ್ದಲ್ಲೇ ಇದ್ದವು. ನೆಟ್ಟಿಯ ಬನ್ನುಗಳು ಆರಿ ಬೆಣ್ಣೆ ಬಿಳಿಚಿಕೊಂಡಿತ್ತು. ಕಂಪ್ಯೂಟರು ಆಮೇಲೆ ಸದ್ದು ಮಾಡಲಿಲ್ಲ.

ಇನ್ನೆಸ್ ಗೋಡೆಗೆ ಒರಗಿ ನಿಂತಿದ್ದ. ನಲವತ್ತೇಳರ ಗಂಡಸು, ಪೆಟ್ಟು ತಿಂದ ಹುಡುಗನ ಹಾಗೆ ಕಾಣುತ್ತಿದ್ದ. ಅವಳಿಗೆ ಕನಿಕರ ಬರಲಿಲ್ಲ.

"ಯಾವ ದಾರಿ?" ಅವನು ಕೇಳಿದ.

"ಏನು ಯಾವ ದಾರಿ?"

"ಅಪ್ಪ ನಡೆದಿದ್ದು."

"ನಿನ್ನ ಚಿತ್ರಗಾರನ್ನ ಕೇಳು. ಅವನಿಗೆ ಎಲ್ಲಾ ಗೊತ್ತಲ್ಲ," ಅಂದಳು. ಅವನು ಕದಲಲಿಲ್ಲ. ಕೊನೆಗೆ ಅವಳೇ ಹೇಳಿದಳು: "ಭಟ್ಟಿ ಗೇಟಿಂದ ಇಳಿಜಾರು. ಚರ್ಚು ಬಳಸ್ಕೊಂಡು ಈ ಬೀದಿಗೇ ಬರುತ್ತೆ. ಆಮೇಲೆ ಸೇತುವೆ. ಸೇತುವೆ ಆಚೆ ಮೂರನೇ ಮನೆ ಆಗ ನಮ್ದು."

ಇನ್ನೆಸ್ ಬಾಗಿಲು ತೆಗೆದು ಹೊರಗೆ ಹೋದ. ಬೆಟ್ಟದ ಕಡೆಗೆ ಹತ್ತಿದ.

ಇಷ್ಬೆಲ್ ಟೇಪು ಸುತ್ತಿಟ್ಟಳು. ಹುಲ್ಲು ಗುಡಿಸಿದಳು. ಹಿಂದಿನ ಕೋಣೆಗೆ ಹೋದಾಗ ಕುರ್ಚಿಯ ಮೇಲೆ ಅವನ ಜಾಕೆಟ್ಟು ಕಂಡಿತು. ಫೆಬ್ರವರಿ ಗಾಳಿ ಕಿಟಕಿಯ ಗಾಜನ್ನು ಅದುರಿಸುತ್ತಿತ್ತು. ಜಾಕೆಟ್ಟು ತೆಗೆದುಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಅವನು ಚರ್ಚು ಬಳಸಿ ಬೀದಿಯ ತಲೆಯಲ್ಲಿ ಇಳಿದು ಬರುತ್ತಿದ್ದ. ಬರಿ ಅಂಗಿಯಲ್ಲಿ ಮೈ ಮುದುಡಿತ್ತು, ಆದರೆ ಆತುರಪಡುತ್ತಿರಲಿಲ್ಲ. ಬೇಕರಿಯ ಮುಂದೆ ನಿಂತಿದ್ದ ಇಬ್ಬರು ಅವನನ್ನು ತಿರುಗಿ ನೋಡಿದರು.

ಅವನು ಅಂಗಡಿಯ ಮುಂದೆಯೇ ಹಾದುಹೋದ, ಅವಳತ್ತ ನೋಡಲಿಲ್ಲ. ಅವಳು ಜಾಕೆಟ್ಟನ್ನು ಎದೆಗವಚಿಕೊಂಡು, ಕೂಗದೆ, ಅವನು ಸೇತುವೆ ದಾಟುವವರೆಗೂ ಬಾಗಿಲಲ್ಲೇ ನಿಂತು ನೋಡಿದಳು.