ಮಾದರಿ ಪ್ರಶ್ನೆ

ಮಗು, ಇದು ಟೈರ್ ಅಂಗಡಿ, ನಿಮ್ಮಪ್ಪ ಇಲ್ಲಿಲ್ಲ — ಯಾರೋ ಪುಣ್ಯಾತ್ಮ ಉತ್ತರ ಬರೆದಿದ್ದಾನೆ, ಅಂಗಡಿಯ ವೆಬ್‌ಸೈಟಿನ ಗ್ರಾಹಕರ ಪ್ರಶ್ನೆಗಳು ಎಂಬ ಪೆಟ್ಟಿಗೆಯಲ್ಲಿ, ಮೇಲೆ ಹೆಸರು ಚಿಟ್ಟಿ, ವಯಸ್ಸು ನಾಲ್ಕು, ಪ್ರಶ್ನೆ: ಅಪ್ಪಾ, ಯಾವಾಗ ಬರ್ತೀಯಾ, ಮಗಳು ಕಳಿಸಿದ ಆ ಪುಟದ ಚಿತ್ರವನ್ನು ಆಫೀಸಿನ ಮೇಜಿನ ಮುಂದೆ ಕೂತು ಅವನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುತ್ತಾನೆ, ನಾಲ್ಕು ವರ್ಷ, ಕೆಂಪು ಶೂ — ಅದು ಈಗ ಬೇಡ, ಚಿಟ್ಟಿಗೆ ಈಗ ಹತ್ತೊಂಬತ್ತು, ಸ್ಕೂಟರ್ ಪಂಕ್ಚರ್ ಆಗಿ ಅಂಗಡಿ ಹುಡುಕಿದವಳ ಕಣ್ಣಿಗೆ ತನ್ನದೇ ಮಾತು ಬಿದ್ದಿದೆ, ಚಿತ್ರದ ಕೆಳಗೆ ಬರೆದಿದ್ದಾಳೆ, ಏನಿದು, ನಾನು ಕೇಳಿದ್ದನ್ನ ಊರಿಗೆಲ್ಲ ಹಂಚಿದ್ರಾ, ಸಂಜೆಯೊಳಗೆ ತೆಗೀರಿ, ಎಲ್ಲಾ ಕಡೆಯಿಂದ, ಇಲ್ಲಾಂದ್ರೆ ಇನ್ನು ನಂಗೆ ಫೋನ್ ಮಾಡ್ಬೇಡಿ. ತೆಗೀರಿ, ಮಾಡ್ಬೇಡಿ — ತಾಯಿಯ ಜೊತೆ ಬೇರೆ ಮನೆಗೆ ಹೋದಮೇಲೆ ಬಂದ ಮರ್ಯಾದೆ ಇದು, ಬ್ಯಾಂಕಿನವರ ಹತ್ತಿರ ಮಾತಾಡಿದ ಹಾಗೆ, ಅದೂ ವರ್ಷಕ್ಕೆ ನಾಲ್ಕು ಸಲ, ಆದರೂ ಫೋನ್ ಎತ್ತುತ್ತಿದ್ದಳಲ್ಲ, ಹಾಳಾದ್ದು, ಈಗ ಅದಕ್ಕೂ ಕಲ್ಲು ಬಿತ್ತು.

ತೆಗೆಯುವುದೇನು ಮಹಾ, ಆ ಪೆಟ್ಟಿಗೆಯ ಅಚ್ಚು, ಟೆಂಪ್ಲೇಟು, ತನ್ನದೇ ತಾನೆ, ಹದಿನೈದು ವರ್ಷದ ಹಿಂದೆ ಬರೆದದ್ದು, ವೆಬ್‌ಸೈಟಿಗೆ ಸಿಕ್ಕಿಸುವ ಇಂಥ ಸಣ್ಣ ಪ್ರೋಗ್ರಾಂ, ಪ್ಲಗಿನ್, ಮಾಡುವವರು ಸೊನ್ನೆಯಿಂದ ಒದ್ದಾಡುವುದು ಬೇಡ, ಇದನ್ನೇ ಕಾಪಿ ಮಾಡಿಕೊಂಡು ಮುಂದುವರಿಯಲಿ ಎಂದು ಪುಕ್ಕಟೆ ಹಂಚಿದ್ದು, ಆಹಾ, ಎಂಥ ಧಾರಾಳ, ಕಂಡವರಿಗೆಲ್ಲ ಉಪಕಾರಿ, ಮನೆಯವರಿಗೆ ಮಾತ್ರ — ಇರಲಿ. ಪೆಟ್ಟಿಗೆ ಖಾಲಿ ಕಂಡರೆ ಚೆನ್ನಾಗಿರುವುದಿಲ್ಲವೆಂದು ಒಂದು ಮಾದರಿ ಪ್ರಶ್ನೆ ಹಾಕಿದ್ದ, ಆಮೇಲೆ ಅಳಿಸಿಕೊಳ್ಳಿ ಎಂದು ಪಕ್ಕದಲ್ಲೇ ಬರೆದಿದ್ದ, ಓದುವವರು ಯಾರು, ಬೀಗದ ಅಂಗಡಿಯವನು ಅಳಿಸಲಿಲ್ಲ, ಹಲ್ಲಿನ ಡಾಕ್ಟರು ಅಳಿಸಲಿಲ್ಲ, ಅಪ್ಪಾ ಯಾವಾಗ ಬರ್ತೀಯಾ, ಬೆಳಿಗ್ಗೆ ಹತ್ತರಿಂದ ಸಂಜೆ ಆರು, ಭಾನುವಾರ ರಜೆ, ಹಾಗೆಂದು ಡಾಕ್ಟರ ಉತ್ತರ ಬೇರೆ, ಇವನು ಅದನ್ನೆಲ್ಲ ಆಫೀಸಿನವರಿಗೆ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಥೂ. ಸಾಲನ್ನು ಅಳಿಸಿದ, ಒಂದು ಗುಂಡಿ ಒತ್ತಿದರೆ ಮುಗಿಯಿತು, ಟೆಂಪ್ಲೇಟು ಈಗ ಚೊಕ್ಕ, ಟೈರ್ ಅಂಗಡಿಯ ಪುಟ ತೆರೆದು ನೋಡಿದರೆ ಚಿಟ್ಟಿ ಅಲ್ಲೇ ನಿಂತಿದ್ದಾಳೆ, ಕೇಳುತ್ತಲೇ ಇದ್ದಾಳೆ. ಪಕ್ಕದ ಮೇಜಿನ ಹುಡುಗಿ ಇಣುಕುತ್ತಾಳೆ, ಸರ್, ಕಾಪಿ ಮಾಡ್ಕೊಂಡ್ಮೇಲೆ ಅದು ಅವರದ್ದಾಯ್ತಲ್ಲ, ನಿಮ್ಮದ್ರಲ್ಲಿ ಅಳಿಸಿದ್ರೆ ಅಲ್ಲಿ ಹೇಗೆ ಹೋಗುತ್ತೆ, ನೀವೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು. ಹೌದಮ್ಮ, ನಾನೇ.

ಎಷ್ಟು ಕಾಪಿ, ಯಾರ ಹತ್ತಿರ, ದೇವರಿಗೇ ಗೊತ್ತು, ಎಲ್ಲಾ ಕಡೆಯಿಂದ ಅಂದಳಲ್ಲ, ಕಿಟಕಿಯ ಬಿಸಿಲು ಆಗಲೇ ಗೋಡೆಗೆ ಹತ್ತಿದೆ, ಅವತ್ತೂ ಇಂಥದೇ ಬಿಸಿಲು, ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ, ಚಿಟ್ಟಿ ತಾನೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಕೆಂಪು ಶೂ, ಎಡ ಬಲ ಅದಲುಬದಲು, ಅಪ್ಪಾ, ಯಾವಾಗ ಬರ್ತೀಯಾ, ಒಂದೇ ನಿಮಿಷ ಪುಟ್ಟಾ, ಪೆಟ್ಟಿಗೆಗೆ ಒಂದು ವಾಕ್ಯ ಬೇಕಿತ್ತು, ಕಿವಿಗೆ ಬಿದ್ದದ್ದನ್ನು ಬೆರಳು ಹಾಗೇ ಬರೆಯಿತು, ಒಳ್ಳೆ ವಾಕ್ಯ ಸಿಕ್ಕಿತೆಂದು ಖುಷಿಯೋ ಖುಷಿ, ಬಾರೇ ನೋಡು ಎಂದು ಹೆಂಡತಿಯನ್ನು ಕರೆದ, ಅವಳು ಪರದೆಯ ಕಡೆ ತಿರುಗಲೇ ಇಲ್ಲ, ಬಾಗಿಲ ಕಡೆ ನೋಡಿದಳು, ಅದು ಕೇಳಿದ್ದು ನಿಮ್ಮನ್ನ ಕಣ್ರೀ, ಅಂದಳು. ಅವನು ಕಂಪ್ಯೂಟರ್ ಬಿಟ್ಟು ಎದ್ದಾಗ ಕತ್ತಲಾಗಿತ್ತು, ಮಗು ಹೊಸಿಲಿಗೆ ಒರಗಿ ನಿದ್ದೆ ಹೋಗಿತ್ತು, ಶೂ ಬಿಚ್ಚಿರಲಿಲ್ಲ. ಈಗ ಆಫೀಸಿನ ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಿದೆ, ಚಿಟ್ಟಿ, ಚಿಟ್ಟಿ ಎಂದು ಹೆಸರು ಮಿನುಗುತ್ತಿದೆ, ಅವನು ಟೈರ್ ಅಂಗಡಿಯವನಿಗೆ ಬರೆಯುತ್ತಿದ್ದಾನೆ, ದಯವಿಟ್ಟು ಆ ಸಾಲನ್ನು, ಇದೊಂದು ಮುಗಿಸಿಬಿಟ್ಟರೆ ಅವಳಿಗೆ ಹೇಳಲು ಏನಾದರೂ ಇರುತ್ತದೆ, ಇದೊಂದು, ಬೆರಳು ನಿಲ್ಲುವುದಿಲ್ಲ, ಬಾಯಿ ತನ್ನ ಪಾಡಿಗೆ ತಾನು ಅನ್ನುತ್ತಿದೆ, ಒಂದೇ ನಿಮಿಷ ಪುಟ್ಟಾ — ಫೋನು ಸುಮ್ಮನಾಯಿತು — ಕೆಂಪು ಶೂ, ಎಡಗಾಲಿಗೆ ಬಲದ್ದು, ಬಲಗಾಲಿಗೆ ಎಡದ್ದು, ಬಾಗಿಲಲ್ಲಿ