ಐವತ್ತನಾಲ್ಕಕ್ಕೆ ನಿಂತ ಎಣಿಕೆ

ಹಿರಿಯರಾದ್ದರಿಂದ ನಾವೆಲ್ಲ ಅತಾ ಎನ್ನುವ ತೊಕ್ತೊನಾಲಿ ನಲವತ್ತು ವರ್ಷ ನಮ್ಮ ಕಿರ್ಗಿಜ್ ನಾಡಿನ ನಾರಿನ್ ಸೀಮೆಯಲ್ಲಿ ದನದ ಡಾಕ್ಟರಾಗಿದ್ದವರು. ಕುದುರೆ, ಕುರಿ, ಚಮರೀಮೃಗಗಳಿಗೆ ಮದ್ದು ಮಾಡುತ್ತ ಬೆಟ್ಟ ಹತ್ತಿ ಇಳಿಯುವಾಗ ಕುರಿಗಾಹಿಗಳ ಬಾಯಲ್ಲಿ ಯಾವುದಾದರೂ ಅಪರೂಪದ ಮಾತು ಕೇಳಿದರೆ, ಔಷಧಿ ಡಬ್ಬಿಯ ರಟ್ಟು ಹರಿದು ಅದರ ಮೇಲೆ ಬರೆದುಕೊಂಡುಬಿಡುತ್ತಿದ್ದರು. ನಿವೃತ್ತರಾಗುವ ಹೊತ್ತಿಗೆ ಅಂಥ ಚೀಟಿಗಳು ಹದಿನಾಲ್ಕು ಸಾವಿರ ದಾಟಿದ್ದವು. ಅದನ್ನೆಲ್ಲ ನಿಘಂಟಾಗಿ ಅಚ್ಚು ಹಾಕಿಸೋಣವೆಂದು ನಮ್ಮ ಗ್ರಂಥಾಲಯ ಹೊರಟಾಗ ಬೆರಳಚ್ಚಿನ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದು ತಿಂಗಳು ಕೂತು ಒಂದೊಂದೇ ಚೀಟಿ ನೋಡಿ ಹೊಡೆದೆ. ಅವರ ಅಕ್ಷರ ಬಿಡಿಸುವಷ್ಟರಲ್ಲಿ ನನ್ನ ಕನ್ನಡಕದ ನಂಬರು ಎರಡು ಸಲ ಬದಲಾಯಿತು.

ಹೊಡೆದದ್ದನ್ನೆಲ್ಲ ಓದಿ, ಅಕಾರಾದಿಯಾಗಿ ಜೋಡಿಸಿ, ಪುಸ್ತಕದ ಪುಟಗಳನ್ನಾಗಿ ಮಾಡುವ ಪ್ರೋಗ್ರಾಂ ಬರೆದವಳು ಸಿರ್ಗಾ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ, ಪಟಪಟ ಮಾತು, ಗಳಿಗೆಗೊಂದು ನಗು. ಗ್ರಂಥಾಲಯದ ಮುದಿ ಕಂಪ್ಯೂಟರಿನಲ್ಲಿ ಅದು ಓಡಲು ಇಪ್ಪತ್ತು ನಿಮಿಷ ಬೇಕಿತ್ತು. ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ಏನೂ ಕಾಣಲಿಲ್ಲ. ಅತಾ ಎರಡು ನಿಮಿಷಕ್ಕೊಮ್ಮೆ ಎದ್ದು ಬಂದು ಪೆಟ್ಟಿಗೆಗೆ ಕಿವಿ ಇಟ್ಟು ಕೇಳುತ್ತಿದ್ದರು.

"ಉಸಿರಾಡ್ತಿದೆಯೇನಮ್ಮಾ ಇದು?"

"ಓದ್ತಿದೆ ಅತಾ, ಕೂತ್ಕೊಳ್ಳಿ."

"ಎಷ್ಟು ಓದಿದೆ?"

"ಅದು ನನಗೂ ಗೊತ್ತಾಗಲ್ಲ."

"ಹಂಗಂದ್ರೆ ಹೇಗೆ? ನನ್ನ ಹತ್ರ ಬರೋ ಹಸು ಕೂಡ ಎಷ್ಟು ಮೇಯ್ದಿದೆ ಅಂತ ಹೊಟ್ಟೆ ನೋಡಿದ್ರೆ ಗೊತ್ತಾಗೋದು. ನಿನ್ನ ಯಂತ್ರ ಅದಕ್ಕಿಂತ ಕಡೆಯಾ?"

ಮುದುಕನ ಕಾಟ ತಾಳಲಾರದೆ ಸಿರ್ಗಾ ಮನೆಗೆ ಹೋಗಿ ಒಂದು ಎಣಿಕೆ ಸೇರಿಸಿಕೊಂಡು ಬಂದಳು. ಒಳಗೆ ಹೋದಷ್ಟನ್ನೂ ಪ್ರೋಗ್ರಾಂ ಲೆಕ್ಕ ಇಡುತ್ತ ಹೋಗುತ್ತದೆ, ಇಡೀ ಕಡತ ಎಷ್ಟು ದೊಡ್ಡದು ಅನ್ನುವುದಕ್ಕೆ ಅದನ್ನು ಹೋಲಿಸಿ ನೂರಕ್ಕೆ ಎಷ್ಟು ಮುಗಿಯಿತು ಎಂದು ಪರದೆಯ ಮೇಲೆ ತೋರಿಸುತ್ತದೆ. ಪಕ್ಕದಲ್ಲೇ ಒಂದು ಹಸಿರು ಪಟ್ಟಿ ಉದ್ದವಾಗುತ್ತ ಹೋಗುತ್ತದೆ.

ಮಂಗಳವಾರ ಬೆಳಿಗ್ಗೆ ಎಲ್ಲರೂ ಸೇರಿದೆವು. ರಾಜಧಾನಿ ಬಿಶ್ಕೆಕ್‌ನ ಮುದ್ರಣಾಲಯಕ್ಕೆ ಶುಕ್ರವಾರದೊಳಗೆ ಪುಟಗಳನ್ನು ಕಳಿಸಬೇಕಿತ್ತು. ನಾನು ಹಿಟ್ಟಿನ ಬೊರ್ಸೋಕ್ ಕರಿದುಕೊಂಡು ಹೋಗಿದ್ದೆ, ಚಹಾ ಕುದಿಯುತ್ತಿತ್ತು. ಸಿರ್ಗಾ ಗುಂಡಿ ಒತ್ತಿ, "ಇನ್ನು ನೀವುಂಟು, ನಿಮ್ಮ ಪಟ್ಟಿ ಉಂಟು. ನನಗೆ ಕ್ಲಾಸಿದೆ, ಮೂರು ಗಂಟೆಗೆ ಬರ್ತೀನಿ" ಎಂದು ಹೊರಟುಹೋದಳು.

ಅತಾ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಹತ್ತು ಆಯಿತು, ಇಪ್ಪತ್ತು ಆಯಿತು. ಮೂವತ್ತಕ್ಕೆ ಅವರ ಮುಖ ಅರಳಿತು, ಇನ್ನೊಂದು ಬೊರ್ಸೋಕ್ ಬಾಯಿಗೆ ಹಾಕಿಕೊಂಡರು. ಐವತ್ತು, ಐವತ್ತೆರಡು, ಐವತ್ತನಾಲ್ಕು. ಅಷ್ಟಕ್ಕೇ ಪಟ್ಟಿ ನಿಂತಿತು. ಕೆಳಗೆ 'ಮುಗಿಯಿತು' ಎಂಬ ಪದ ಮೂಡಿತು.

ಅತಾ ಬೊರ್ಸೋಕ್ ಅಗಿಯುವುದನ್ನು ನಿಲ್ಲಿಸಿದರು.

"ಕಾಲಿಪಾ, ಏನಿದು? ಅರ್ಧ ಓದಿ ಮುಗೀತು ಅಂತಿದೆ. ಮಿಕ್ಕ ನಲವತ್ತಾರು ಎಲ್ಲಿ ಹೋಯ್ತು?"

"ನನಗೇನು ಗೊತ್ತು ಅತಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಗಳೇ, ನಿಜ ಹೇಳು. ಕೈ ನೋಯ್ತಿತ್ತು, ಬೇಜಾರಾಯ್ತು, ಒಂದೊಂದು ಚೀಟಿ ಬಿಟ್ಟುಬಿಟ್ಟೆಯಾ? ನಾನು ಬೈಯಲ್ಲ."

ನನಗೆ ಮೈ ಉರಿದುಹೋಯಿತು. "ಹನ್ನೊಂದು ತಿಂಗಳು ನಿಮ್ಮ ಕಾಗೆ ಕಾಲಿನ ಅಕ್ಷರ ಓದಿ ಓದಿ ಕಣ್ಣು ಕಳ್ಕೊಂಡಿದೀನಿ! ಒಂದೇ ಒಂದು ಚೀಟಿ ಬಿಟ್ಟಿದ್ರೆ ತೋರಿಸಿ, ನಾಳೆಯಿಂದ ಈ ಕುರ್ಚಿ ಮೇಲೆ ಕೂರಲ್ಲ."

"ತೋರಿಸ್ತೀನಿ, ಬಾ."

ಸಿರ್ಗಾಗೆ ಫೋನು ಮಾಡಿದರೆ ಆಫ್ ಆಗಿತ್ತು. ಸರಿ, ಪ್ರೋಗ್ರಾಂ ಜೋಡಿಸಿಟ್ಟ ಪುಟಗಳನ್ನು ತೆರೆದೆ. ಅತಾ ಚೀಟಿಗಳ ಡ್ರಾಯರುಗಳನ್ನು ಸಾಲಾಗಿ ಮೇಜಿನ ಮೇಲೆ ಇಟ್ಟುಕೊಂಡರು. ಅವರು ಒಂದು ಮಾತು ಹೇಳುವುದು, ನಾನು ಹುಡುಕಿ ತೋರಿಸುವುದು. ಕೊನೆಯ ಅರ್ಧ ಕತ್ತರಿಸಿಹೋಗಿರಬಹುದೆಂದು ಮೊದಲು ಕೊನೆಯ ಅಕ್ಷರದ ಕೊನೆಯ ಮಾತನ್ನೇ ಕೇಳಿದರು. ಇತ್ತು. ಹಾಗಾದರೆ ನಡುವಿನದ್ದು ಹೋಗಿರಬೇಕೆಂದು ನಡುವಿನ ಡ್ರಾಯರಿಗೆ ಕೈ ಹಾಕಿದರು. ಅದೂ ಇತ್ತು. ಆಮೇಲೆ ಕುದುರೆಯ ಬಣ್ಣಗಳಿಗೆ ಬಂದರು.

"ಜೇರ್ದೆ?"

"ಇದೆ. ಕೆಂಗಂದು ಕುದುರೆ. ಮುಂದಿನದು ಹೇಳಿ."

"ಹೆಚ್ಚು ಹಾರಾಡ್ಬೇಡ. ಯಂತ್ರ ಒಂದು ಬಿಟ್ಟು ಒಂದು ಓದಿರ್ಬಹುದು."

ಹೀಗೆ ನಾನೂರು ಮಾತಾಯಿತು. ಒಂದೂ ತಪ್ಪಿರಲಿಲ್ಲ. ಅತಾ ಅವರಿಗೆ ನಿಜವಾಗಿ ಸಮಾಧಾನ ಆಗಬೇಕಿತ್ತು, ಆದರೆ ಸೋತವರಂತೆ ಮುಖ ಗಂಟು ಹಾಕಿಕೊಂಡಿದ್ದರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅವರ ಹೆಂಡತಿ ಬಾತ್ಮಾ ಅಪಾ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ತಟ್ಟೆ. ಊಟದ ಹೊತ್ತು ಮೀರಿ ಒಂದು ಗಂಟೆಯಾಗಿತ್ತು.

"ಒರೊಮೊ ಬೇಯಿಸಿಟ್ಟು ಕಾದೂ ಕಾದೂ ಸಾಕಾಯ್ತು. ಇಲ್ಲೇನು ಜಗಳ?"

ನಾನು ಎಲ್ಲ ಹೇಳಿದೆ. ಅಪಾ ಕೂತು, ತಟ್ಟೆ ಬಿಚ್ಚಿ, "ನಾನೂ ಒಂದು ಕೇಳ್ಲಾ?" ಅಂದರು.

"ಕೇಳಿ ಅಪಾ."

"ಕಾಜ್ಮಾಕ್."

ಹುಡುಕಿದೆ. ಇಲ್ಲ. ಮತ್ತೊಮ್ಮೆ ಹುಡುಕಿದೆ. ಇಲ್ಲ.

ಅತಾ ಕುರ್ಚಿಯಿಂದ ಜಿಗಿದರು. "ಸಿಕ್ತು! ನಾನು ಹೇಳ್ಲಿಲ್ವಾ? ಬಿಟ್ಟಿದೀಯ!"

ಇಬ್ಬರೂ ಡ್ರಾಯರು ಎಳೆದು ಆ ಅಕ್ಷರದ ಚೀಟಿಗಳನ್ನೆಲ್ಲ ಒಂದೊಂದಾಗಿ ತಿರುವಿದೆವು. ಕಾಜ್ಮಾಕ್ ಎಂಬ ಚೀಟಿಯೇ ಇರಲಿಲ್ಲ. ಕಾಜ್ಮಾಕ್ ಎಂದರೆ ಹಾಲು ಕಾಯಿಸಿದ ಕಡಾಯಿಯ ತಳದಲ್ಲಿ ಹತ್ತಿಕೊಂಡು ಕೆಂಪಗಾದ ಚಕ್ಕೆ. ಅದನ್ನು ಕೆರೆದು ತಿನ್ನಲು ನಾವೆಲ್ಲ ಚಿಕ್ಕಂದಿನಲ್ಲಿ ಕಿತ್ತಾಡಿದವರೇ. ಅದನ್ನು ಅವರು ಬರೆದುಕೊಂಡೇ ಇರಲಿಲ್ಲ.

"ಇದು ಎಲ್ಲರಿಗೂ ಗೊತ್ತಿರೋ ಮಾತು. ಇದನ್ನೇನು ಬರೆಯೋದು ಅಂತ..." ಅತಾ ಗೊಣಗಿದರು.

"ಕುದುರೆ ಬಣ್ಣ ಎಲ್ಲರಿಗೂ ಗೊತ್ತಿಲ್ವಾ? ಐವತ್ತು ವರ್ಷ ನನ್ನ ಕಡಾಯೀದು ತಿಂದು, ಕಡಾಯಿ ಮಾತು ಒಂದೂ ಬರೆದಿಲ್ಲ ಅಂದ್ರೆ ಏನು ಹೇಳ್ಲಿ?" ಎಂದರು ಅಪಾ. ಸಿಟ್ಟಿನಲ್ಲಲ್ಲ, ಮಜಾ ತೆಗೆದುಕೊಳ್ಳುತ್ತ. ಆಮೇಲೆ ಕಂಬಳಿ ತಟ್ಟುವಾಗ ಉಣ್ಣೆಯ ಒಂದೊಂದು ಹದಕ್ಕೂ ಇರುವ ಹೆಸರುಗಳನ್ನು ಕೇಳಿದರು. ಚಾಪೆ ಹೆಣೆಯುವ ಜೊಂಡಿನ ಹೆಸರು, ತೊಟ್ಟಿಲ ದಾರದ ಹೆಸರು, ಹಿಟ್ಟು ನಾದುವಾಗ ಕೈಗೆ ಅಂಟಿದ್ದರ ಹೆಸರು. ಇಪ್ಪತ್ತೈದರಲ್ಲಿ ಇಪ್ಪತ್ತೊಂದು ಇರಲಿಲ್ಲ. ಅತಾ ಮೊದಮೊದಲು ವಾದ ಮಾಡಿದರು. ಆಮೇಲೆ ಸುಮ್ಮನೆ ಜೇಬಿನಿಂದ ಪೆನ್ನು ತೆಗೆದು, ಔಷಧಿ ರಟ್ಟು ಸಿಗದೆ ನನ್ನ ಬೊರ್ಸೋಕ್ ಡಬ್ಬಿಯ ಮುಚ್ಚಳದೊಳಗಿನ ಕಾಗದದ ಮೇಲೆ ಬರೆಯತೊಡಗಿದರು.

ಮೂರು ಗಂಟೆಗೆ ಸಿರ್ಗಾ ಬಂದಾಗ ಮೇಜಿನ ತುಂಬ ಚೀಟಿ, ಎಣ್ಣೆ ಜಿಡ್ಡಿನ ಕಾಗದ, ಖಾಲಿ ತಟ್ಟೆ. ನಡೆದದ್ದನ್ನು ನನ್ನಿಂದ ಕೇಳಿ, ಪರದೆಯ ಮೇಲಿನ ಐವತ್ತನಾಲ್ಕು ನೋಡಿ ಒಂದು ನಿಮಿಷ ಹುಬ್ಬು ಗಂಟಿಕ್ಕಿದಳು. ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು.

"ಅಯ್ಯೋ, ನಾನೆಂಥ ಕತ್ತೆ! ಕಾಲಿಪಾ ಎಜೆ, ನಿಮ್ಮದೇನೂ ತಪ್ಪಿಲ್ಲ ಅಕ್ಕಾ. ಕಡತ ಎಷ್ಟು ದೊಡ್ಡದು ಅನ್ನೋದನ್ನ ಕಂಪ್ಯೂಟರು ಬೈಟ್ ಲೆಕ್ಕದಲ್ಲಿ ಹೇಳುತ್ತೆ. ನಾನು ಓದಿದ್ದನ್ನ ಅಕ್ಷರ ಲೆಕ್ಕದಲ್ಲಿ ಎಣಿಸ್ಬಿಟ್ಟಿದೀನಿ."

"ಅಕ್ಷರ ಬೇರೆ, ಬೈಟು ಬೇರೆನಾ?" ಎಂದೆ.

"ಇಂಗ್ಲಿಷಲ್ಲಿ ಎರಡೂ ಒಂದೇ. ಮನೇಲಿ ಇಂಗ್ಲಿಷ್ ಕಡತ ಇಟ್ಟು ನೋಡಿದ್ದೆ, ನೂರಕ್ಕೆ ನೂರು ಬಂತು. ನಮ್ಮ ಕಿರ್ಗಿಜ್ ಅಕ್ಷರ ಒಂದೊಂದೂ ಎರಡೆರಡು ಬೈಟಿನ ಜಾಗ ಹಿಡಿಯುತ್ತೆ. ನಡುವಿನ ಖಾಲಿ ಜಾಗ, ಚುಕ್ಕೆ, ಅಂಕಿ ಮಾತ್ರ ಒಂದೊಂದು. ಅದಕ್ಕೇ ಪೂರ್ತಿ ಓದಿದ್ರೂ ಅರ್ಧಕ್ಕಿಂತ ಚೂರು ಜಾಸ್ತಿ ಅಂತ ತೋರಿಸ್ತು."

ಅವಳು ಕೂತು ಹದಿನೈದು ನಿಮಿಷದಲ್ಲಿ ಸರಿ ಮಾಡಿದಳು. ಅಕ್ಷರಗಳಾಗಿ ಬದಲಾದ ಮೇಲೆ ಎಣಿಸುವುದನ್ನು ಬಿಟ್ಟು, ಕಡತದಿಂದ ಬೈಟುಗಳು ಹರಿದು ಬರುವ ಜಾಗದಲ್ಲೇ ಎಣಿಕೆಯನ್ನು ಕೂರಿಸಿದಳು. ಮತ್ತೆ ಓಡಿಸಿದಳು. ಪಟ್ಟಿ ನಿಧಾನವಾಗಿ ಸಾಗಿ ಸರಿಯಾಗಿ ನೂರಕ್ಕೆ ಮುಟ್ಟಿತು.

"ನೋಡಿ ಅತಾ! ಶುಕ್ರವಾರದ ತನಕ ಯಾಕೆ, ಇವತ್ತೇ ಕಳಿಸೋಣ!"

ಅತಾ ಪರದೆಯತ್ತ ತಿರುಗಿಯೂ ನೋಡಲಿಲ್ಲ. ಉಣ್ಣೆಯ ಮೂರನೇ ಹದದ ಹೆಸರಿನ ಬಗ್ಗೆ ಹೆಂಡತಿಯೊಡನೆ ವಾದಕ್ಕಿಳಿದಿದ್ದರು. ನಾನೇ ಹೋಗಿ ಭುಜ ಮುಟ್ಟಿದೆ.

"ಹಾಂ, ಆಯ್ತಾ? ಒಳ್ಳೇದು" ಎಂದರು. ಆಮೇಲೆ ತಲೆ ತಗ್ಗಿಸಿಯೇ, "ಕಾಲಿಪಾ, ಬೆಳಿಗ್ಗೆ ನಿನ್ನ ಮೇಲೆ ಹಾಕಿದ್ದು ತಪ್ಪಾಯ್ತು ಮಗಳೇ. ಒಂದು ಉಪಕಾರ ಮಾಡು. ಮುದ್ರಣಾಲಯಕ್ಕೆ ಫೋನ್ ಮಾಡಿ, ಈ ಶುಕ್ರವಾರ ಬೇಡ, ಮುಂದಿನ ಶರತ್ಕಾಲಕ್ಕೆ ಅಂತ ಹೇಳ್ಬಿಡು" ಎಂದರು.

ಮುದ್ರಣಾಲಯದವರು ಗೊಣಗಿದರು, ಆದರೆ ಒಪ್ಪಿದರು. ಆಮೇಲೆ ಪ್ರತಿ ಬುಧವಾರ ಬಾತ್ಮಾ ಅಪಾ ಗ್ರಂಥಾಲಯಕ್ಕೆ ಬಂದು ಕೂತರು. ಎರಡನೇ ವಾರ ಪಕ್ಕದ ಮನೆಯ ಇಬ್ಬರನ್ನು ಕರೆತಂದರು, ನಾಲ್ಕನೇ ವಾರಕ್ಕೆ ಹನ್ನೆರಡು ಹೆಂಗಸರಾದರು. ನಾನು ಹೊಡೆಯುತ್ತಿದ್ದೆ, ಅವರು ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ಕೂರಲು ಕುರ್ಚಿ ಸಾಲದೆ ಅತಾ ಕಿಟಕಿಯ ಪಕ್ಕ ನಿಂತೇ ಬರೆಯುತ್ತಿದ್ದರು. ಒಮ್ಮೆ ಯಾವುದೋ ಮಾತಿಗೆ ಅವರು ಬಾಯಿ ಹಾಕಿ, "ಅದರ ಅರ್ಥ ಹಾಗಲ್ಲ..." ಅಂದದ್ದೇ ತಡ, ಹನ್ನೆರಡು ಜನ ಒಟ್ಟಿಗೆ ಅವರತ್ತ ತಿರುಗಿದರು.

"ನೀವು ಬರ್ಕೊಳ್ಳಿ ಡಾಕ್ಟ್ರೇ" ಎಂದರು ಬಾತ್ಮಾ ಅಪಾ.

ಅತಾ ಬರೆದುಕೊಂಡರು.